ಕರಿಬೇವಿನ ಗಿಡದ ಪಾಠ

ಹಿತ್ತಲ ಕರಿಬೇವಿನ ಗಿಡದಿಂದ ದಪ್ಪ ಹಸಿರು ಹುಳುಗಳನ್ನು ಹೆಕ್ಕಿ ಹೊಸಕುವುದು ಬಾಲ್ಯದಲ್ಲಿ ನನ್ನ ಕೆಲಸ. ಎಲೆ ಮೇಲಿನ ಹಕ್ಕಿ ಹಿಕ್ಕೆಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅದೂ ಎಳೆಯ ಹುಳುವೇ ಎಂದು ತಿಳಿದದ್ದು ಕಾಲೇಜಿನಲ್ಲಿ. ಎರಡೂ ಕಾಮನ್ ಮಾರ್ಮನ್ ಚಿಟ್ಟೆಯ ಮರಿಗಳು.

ಈ ಚಿಟ್ಟೆಯ ಕೆಲವು ಹೆಣ್ಣುಗಳು ಗಂಡಿನಂತೆಯೇ ಇರುತ್ತವೆ. ಇನ್ನು ಕೆಲವು, ಈಶ್ವರಿ ಬಳ್ಳಿ ತಿಂದು ವಿಷ ತುಂಬಿಕೊಂಡ ಕಾಮನ್ ರೋಸ್ ಚಿಟ್ಟೆಯನ್ನು ಹೋಲುತ್ತವೆ. ಒಮ್ಮೆ ಆ ವಿಷದ ರುಚಿ ಕಂಡ ಹಕ್ಕಿ ಎರಡರ ತಂಟೆಗೂ ಹೋಗುವುದಿಲ್ಲ. ಈ ವೇಷ ಯಾವ ಚಿಟ್ಟೆಯೂ ಬಯಸಿ ತೊಟ್ಟದ್ದಲ್ಲ. ತುಸು ಹೋಲಿದವು ಬದುಕಿ ಮೊಟ್ಟೆಯಿಟ್ಟವು. ಉಳಿದದ್ದನ್ನು ತಲೆಮಾರುಗಳು ತಿದ್ದಿದವು.

ಆ ಗಿಡದ ಮುಂದೆ ನಾನೂ ಒಂದು ಹಕ್ಕಿಯೇ: ಕಂಡದ್ದನ್ನು ಕೊಂದೆ, ಮೋಸಹೋಗಿ ಕೆಲವನ್ನು ಬಿಟ್ಟೆ. ಈಗ ಒಗ್ಗರಣೆಗೆ ಎಲೆ ಕೀಳುವಾಗ ಒಂದು ರೆಂಬೆಯನ್ನು ತಿಳಿದೇ ಬಿಡುತ್ತೇನೆ.