ಸಕ್ರೆಬೈಲಿನ ಶಾಮ

ಸಕ್ರೆಬೈಲಿಗೆ ಎಲ್ಲರೂ ಹೋಗೋದು ಆನೆ ನೋಡೋಕೆ. ಅಲ್ಲೇ ಶೆಟ್ಟಿಹಳ್ಳಿ ಅಭಯಾರಣ್ಯದ ಅಂಚಿನ ಬಿದಿರುಮೆಳೆಯಲ್ಲಿ ಇವತ್ತು ಬೆಳಿಗ್ಗೆ ಶಾಮ ಹಾಡ್ತಿತ್ತು! ನಮ್ಮ ಹಿತ್ತಿಲ ಮಡಿವಾಳ ಹಕ್ಕಿಯ ಹತ್ತಿರದ ಸಂಬಂಧಿಯೇ, ಆದರೆ ಕಂಡಕಂಡಲ್ಲಿ ಬಂದು ಕೂರೋ ಪೈಕಿ ಅಲ್ಲ. ತುಂಬಾ ಹೊತ್ತು ಬರೀ ದನಿ. ನಡುನಡುವೆ ಬೇರೆ ಹಕ್ಕಿಗಳ ಕೂಗನ್ನೂ ಕದ್ದು ಸೇರಿಸ್ತಿತ್ತು, ಕಳ್ಳ. ಕೊನೆಗೆ ಮೊದಲು ಕಂಡಿದ್ದು ಬಾಲ: ಉದ್ದ, ಕಪ್ಪು, ಅಂಚಿಗೆ ಬಿಳಿ. ಆಮೇಲೆ ಬಿಳಿ ಸೊಂಟ, ಇಟ್ಟಿಗೆ ಬಣ್ಣದ ಹೊಟ್ಟೆ.

ದಾಖಲೆಯಲ್ಲಿರುವ ಮೊದಲ ಹಕ್ಕಿಹಾಡಿನ ಧ್ವನಿಮುದ್ರಣ ಇದೇ ಜಾತಿಯದ್ದು. 1889ರಲ್ಲಿ ಜರ್ಮನಿಯ ಪುಟ್ಟ ಹುಡುಗ ಲುಡ್ವಿಗ್ ಕಾಕ್, ಪಂಜರದ ಶಾಮನ ಹಾಡನ್ನು ಮೇಣದ ಸಿಲಿಂಡರ್‌ನಲ್ಲಿ ಹಿಡಿದಿದ್ದ. ಈಗ ಎಲ್ಲರ ಜೇಬಲ್ಲೂ ರೆಕಾರ್ಡರ್ ಇದೆ. ಹಾಡಿನ ರೆಕಾರ್ಡಿಂಗ್ ಜೋರಾಗಿ ಹಾಕಿ ಹಕ್ಕಿಯನ್ನು ಹೊರಗೆ ಎಳೆಯೋ ಫೋಟೋಗ್ರಾಫರ್‌ಗಳಿದ್ದಾರಲ್ಲ, ದಯವಿಟ್ಟು ಬೇಡ ಕಣ್ರಪ್ಪ. ಗೂಡು ಕಟ್ಟೋ ಕಾಲ. ತನ್ನ ಜಾಗಕ್ಕೆ ಇನ್ನೊಂದು ಗಂಡು ಬಂತು ಅಂದ್ಕೊಂಡು ಹಾಡು, ಮರಿ ಎಲ್ಲ ಬಿಟ್ಟು ಜಗಳಕ್ಕೆ ಬರುತ್ತೆ.

ಭದ್ರಾವತಿಯವರೇ, ಬರೋದಾದ್ರೆ ಬೆಳಕು ಹರಿಯೋ ಮೊದಲೇ ಹೊರಡಿ. ರಸ್ತೆ ಬದಿಯಿಂದಲೇ ಕೇಳಿಸುತ್ತೆ, ಕಾಡೊಳಗೆ ನುಗ್ಗಬೇಕಿಲ್ಲ. ಆನೆ ಸ್ನಾನ ಆಮೇಲೆ ನೋಡಿದ್ರಾಯ್ತು.