ಫೈರ್‌ವಾಲ್ ಬಂದ್ ಮಾಡ್ಲೇನು ಕಾಕಾ?

ಗೋವಾದ ಈ ಊರು ಕಾಗದದ ಮೇಲೆ ಝುವಾರಿನಗರ, ಜನರ ಬಾಯಲ್ಲಿ ಬಿರ್ಲಾ. ಬಿರ್ಲಾ ಮನೆತನದ ಗೊಬ್ಬರದ ಕಾರ್ಖಾನೆ ಇಲ್ಲಿ ಬಂದದ್ದರಿಂದ ಆ ಹೆಸರು ಅಂಟಿಕೊಂಡಿತು. ವಾಸ್ಕೋ ಕಡೆಯಿಂದ ಬಂದು ಇಳಿದು ಒಳಗಿನ ಓಣಿಗೆ ಹೊಕ್ಕರೆ ಕೊಂಕಣಿ, ಹಿಂದಿಗಳ ನಡುವೆ ಬಾಗಲಕೋಟೆ, ಗದಗ, ವಿಜಯಪುರದ ಮಾತು ಕಿವಿಗೆ ಬೀಳುತ್ತದೆ. ಕಟ್ಟಡದ ಕೆಲಸ, ಬಂದರಿನ ಕೆಲಸ ಹುಡುಕಿಕೊಂಡು ಬಂದವರ ಮಕ್ಕಳು ಮೊಮ್ಮಕ್ಕಳು ಈಗ ಇಲ್ಲಿಯವರೇ. ಊರಿನ ಹೊಲ ಮಾತ್ರ ಊರಲ್ಲೇ ಇದೆ. ಅದರ ಉತಾರ, ಅಂದರೆ ಪಹಣಿ, ಬೇಕಾದಾಗ ಯಾರೂ ಬಸ್ಸು ಹತ್ತುವುದಿಲ್ಲ, ಝೆರಾಕ್ಸ್ ಅಂಗಡಿಗೆ ಹೋಗುತ್ತಾರೆ.

ಈ ಝೆರಾಕ್ಸ್ ಅಂಗಡಿಗಳ ಬಗ್ಗೆ ನನಗೆ ಬಹಳ ಗೌರವ. ಉತಾರ ತೆಗೆಯುವುದು, ಆಧಾರ್ ಪ್ರಿಂಟು, ಪರೀಕ್ಷೆಯ ಅರ್ಜಿ, ಊರಿಗೆ ದುಡ್ಡು ಕಳಿಸುವುದು, ಎಲ್ಲಾ ಒಂದೇ ಕಂಪ್ಯೂಟರಿನಲ್ಲಿ. ಓಣಿಯ ಅರ್ಧ ಜನರ ಪಾಸ್‌ಬುಕ್ಕು, ಪ್ಯಾನ್ ಕಾರ್ಡಿನ ಚಿತ್ರಗಳು ಅದರ ಡೌನ್‌ಲೋಡ್ ಫೋಲ್ಡರಿನಲ್ಲಿ ಬಿದ್ದಿರುತ್ತವೆ. ಅಂಥ ಅಂಗಡಿಯೊಂದರಲ್ಲಿ ಕೂತಿದ್ದಾಗ ಹುಡುಗ ಕೇಳಿದ: ‘ಕಾಕಾ, ಪ್ರಿಂಟರ್ ಸಿಗವಲ್ದು. ಫೈರ್‌ವಾಲ್ ಬಂದ್ ಮಾಡ್ಲೇನು? ವಿಡಿಯೋದಾಗ ಹಂಗ ಹೇಳ್ಯಾರ.’

‘ಬ್ಯಾಡೋ ತಮ್ಮಾ, ತಡಿ,’ ಅಂದೆ. ‘ಮೊದಲ ನಿನ್ನ ವೈಫೈ ಪಬ್ಲಿಕ್ ಐತೋ ಪ್ರೈವೇಟ್ ಐತೋ ನೋಡು.’

ಪಬ್ಲಿಕ್ ಇತ್ತು. ವಿಂಡೋಸ್ ತನಗೆ ಗೊತ್ತಿಲ್ಲದ ಜಾಲವನ್ನೆಲ್ಲ ಬಸ್ ಸ್ಟ್ಯಾಂಡಿನ ವೈಫೈ ಹಾಗೆಯೇ ನೋಡುತ್ತದೆ. ಪಕ್ಕದ ಯಂತ್ರಕ್ಕೆ ತಾನು ಕಾಣದಂತೆ ಇರುತ್ತದೆ, ಹಂಚಿಕೊಂಡ ಪ್ರಿಂಟರನ್ನೂ ಕಾಣಗೊಡುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಆ ವೈಫೈಯ ಪ್ರಾಪರ್ಟೀಸ್ ತೆರೆದು ಪ್ರೈವೇಟ್ ಎಂದು ಗುರುತಿಸಿದ. ಹಾಳೆ ಹೊರಬಂತು. ಅಂಗಡಿಯ ಸ್ವಂತ ವೈಫೈ ಆದ್ದರಿಂದ ಅದು ಸರಿ. ಅದೇ ವೈಫೈಯ ಪಾಸ್‌ವರ್ಡನ್ನು ಗಿರಾಕಿಗಳಿಗೂ ಹೇಳುವ ರೂಢಿ ಇದ್ದರೆ ಸರಿಯಲ್ಲ.

ಫೈರ್‌ವಾಲಿನ ಕೆಲಸ ಕಾರ್ಖಾನೆಯ ಗೇಟಿನಲ್ಲಿ ಕೂತ ವಾಚ್‌ಮನ್‌ನ ಕೆಲಸ. ಒಳಗಿನವರು ಕರೆಸಿದವರನ್ನು ಬಿಡುತ್ತಾನೆ, ಕರೆಯದೆ ಬಂದವರನ್ನು ತಡೆಯುತ್ತಾನೆ. ನೀವು ಒಂದು ಜಾಲತಾಣ ಕೇಳಿದಿರಿ, ಅದರ ಉತ್ತರ ಒಳಗೆ ಬರುತ್ತದೆ. ನೀವು ಏನೂ ಕೇಳದೆ ಇದ್ದಾಗ ಹೊರಗಿನ ಯಾವುದೋ ಯಂತ್ರ ನಿಮ್ಮ ಕಂಪ್ಯೂಟರಿನ 65,536 ಪೋರ್ಟುಗಳಲ್ಲಿ ಒಂದನ್ನು ತಟ್ಟಿದರೆ ಅಲ್ಲೇ ನಿಲ್ಲುತ್ತದೆ.

ಈ ಕಾವಲುಗಾರ ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ 2003ರ ಆಗಸ್ಟ್ ಸಾಕ್ಷಿ. ಬ್ಲಾಸ್ಟರ್ ಎಂಬ ವರ್ಮ್ ಬಂತು. ಯಾರೂ ಯಾವ ಫೈಲನ್ನೂ ತೆರೆಯಬೇಕಿರಲಿಲ್ಲ, ಇಂಟರ್ನೆಟ್ಟಿಗೆ ಕೂಡಿಸಿದರೆ ಸಾಕು, 135ನೇ ಪೋರ್ಟಿನಿಂದ ಒಳಗೆ ನುಗ್ಗುತ್ತಿತ್ತು. ಪರದೆಯ ಮೇಲೆ ಅರವತ್ತು ಸೆಕೆಂಡಿನ ಎಣಿಕೆ ಇಳಿಯುತ್ತಿತ್ತು, ಯಂತ್ರ ತಾನೇ ಆಫ್ ಆಗಿ ಮತ್ತೆ ಆನ್ ಆಗುತ್ತಿತ್ತು. ನನ್ನ ಮನಸ್ಸನ್ನು ಇಂದಿಗೂ ಕೊರೆಯುವ ಸಂಗತಿ ಬೇರೆ: 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲೇ ಫೈರ್‌ವಾಲ್ ಇತ್ತು. ಆದರೆ ಅದರ ಸ್ವಿಚ್ಚು ಆಫ್ ಆಗಿಯೇ ಮನೆಗೆ ಬರುತ್ತಿತ್ತು, ಅದು ಇದೆ ಎಂದು ಹೆಚ್ಚಿನವರಿಗೆ ತಿಳಿದೇ ಇರಲಿಲ್ಲ. 2004ರ ಆಗಸ್ಟಿನಲ್ಲಿ ಬಂದ ಸರ್ವಿಸ್ ಪ್ಯಾಕ್ 2 ಅದನ್ನು ತಾನಾಗಿ ಆನ್ ಮಾಡಿತು. ನಮ್ಮ ಬಿರ್ಲಾದಲ್ಲಿ ಬಿಟ್ಸ್ ಪಿಲಾನಿಯ ಗೋವಾ ಕ್ಯಾಂಪಸ್ಸು ಶುರುವಾದದ್ದೂ ಅದೇ ವರ್ಷ. ಅಲ್ಲಿ ಕಂಪ್ಯೂಟರ್ ಕಲಿತವರ ಕಾಲದ ವಿಂಡೋಸ್‌ಗಳೆಲ್ಲ ಈ ಕಾವಲನ್ನು ಹೊತ್ತೇ ಬಂದಿವೆ. ಅದನ್ನು ನಾವೇ ಕೈಯಾರೆ ತೆಗೆಯುವುದು ನಾನು ಸಹಿಸಲಾರದ ಮಾತು.

ಹಾಗಂತ ಎಂದೂ ಮುಟ್ಟಲೇಬಾರದು ಎನ್ನುತ್ತಿಲ್ಲ. ಒಂದು ಪ್ರೋಗ್ರಾಮಿಗೆ ಅಡ್ಡಿಯಾಗಿದ್ದರೆ ವಿಂಡೋಸ್ ಸೆಕ್ಯುರಿಟಿಯ ಫೈರ್‌ವಾಲ್ ಪುಟದಲ್ಲಿ ಆ ಒಂದು ಪ್ರೋಗ್ರಾಮಿಗೆ ಮಾತ್ರ, ಅದೂ ಪ್ರೈವೇಟ್ ಜಾಲದಲ್ಲಿ ಮಾತ್ರ ಅನುಮತಿ ಕೊಡಬಹುದು. ಒಬ್ಬನನ್ನು ಒಳಗೆ ಬಿಡಲು ಅಷ್ಟು ಸಾಕು. ಅಷ್ಟಾದರೂ ನಡೆಯದೆ, ಅಡ್ಡಿ ಫೈರ್‌ವಾಲಿನದೇ ಹೌದೋ ಅಲ್ಲವೋ ಎಂದು ಪರೀಕ್ಷಿಸಬೇಕಾದರೆ, ಮೊದಲು ರೂಟರಿಗೆ ಹೊರಗಿನಿಂದ ಬರುವ ಇಂಟರ್ನೆಟ್ ತಂತಿ ಕಳಚಿ. ಒಳಗಿನ ಪ್ರಿಂಟರು ಕಂಪ್ಯೂಟರುಗಳ ಸಂಪರ್ಕ ಹಾಗೇ ಉಳಿಯುತ್ತದೆ. ಆಮೇಲೆ ಪ್ರೈವೇಟ್ ಒಂದನ್ನೇ ಆಫ್ ಮಾಡಿ, ನೋಡಿ, ಕೂಡಲೇ ಆನ್ ಮಾಡಿ, ಕೊನೆಗೆ ತಂತಿ ಹಾಕಿ. ಕೆಲವರು ಸರ್ವಿಸಸ್ ಪಟ್ಟಿಗೆ ಹೋಗಿ ಫೈರ್‌ವಾಲಿನ ಸೇವೆಯನ್ನೇ ನಿಲ್ಲಿಸುತ್ತಾರೆ. ಹಾಗೆ ಮಾಡಬೇಡಿ ಎಂದು ಮೈಕ್ರೋಸಾಫ್ಟೇ ಹೇಳುತ್ತದೆ, ಸ್ಟಾರ್ಟ್ ಮೆನು ಕೂಡ ಕೈಕೊಡಬಹುದು. ಯಾರೋ ಹಿಂದೆ ಕಂಡಕಂಡದ್ದಕ್ಕೆಲ್ಲ ಅನುಮತಿ ಕೊಟ್ಟು ಕೆಡಿಸಿದ್ದರೆ, ಆ ಫೈರ್‌ವಾಲ್ ಪುಟದ ಕೆಳಗೆ ಮೊದಲಿನ ಸ್ಥಿತಿಗೆ ತರುವ ಆಯ್ಕೆಯೂ ಇದೆ.

ಮ್ಯಾಕ್ ಕೊಂಡವರು ಇದೆಲ್ಲ ವಿಂಡೋಸ್ ಗೋಳು ಅಂದುಕೊಳ್ಳಬಾರದು. ಅದರ ಫೈರ್‌ವಾಲ್ ಸಾಮಾನ್ಯವಾಗಿ ಆಫ್ ಆಗಿಯೇ ಇರುತ್ತದೆ. ಈಚಿನ ಮ್ಯಾಕ್‌ಗಳಲ್ಲಿ ಸಿಸ್ಟಂ ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ವಿಭಾಗದಲ್ಲಿ ಸಿಗುತ್ತದೆ. ಲಿನಕ್ಸ್ ಬಗೆಯ ಉಬುಂಟುವಿನಲ್ಲೂ ಹಾಗೆಯೇ, ನೀವೇ ಆನ್ ಮಾಡಬೇಕು. ದೂರದಿಂದ ಎಸ್‌ಎಸ್‌ಎಚ್ ಮೂಲಕ ನಡೆಸುವ ಯಂತ್ರವಾದರೆ ಆ ಸಂಪರ್ಕಕ್ಕೆ ಮೊದಲು ಅನುಮತಿ ಬರೆಯಿರಿ. ಇಲ್ಲದಿದ್ದರೆ ಹೊರಗೆ ಉಳಿಯುವವರು ನೀವೇ.

ಇಷ್ಟು ಹೊಗಳಿದ ಮೇಲೆ ಅದರ ಮಿತಿಯನ್ನೂ ಹೇಳಬೇಕು. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ವರ್ಮ್ ಹರಡಿದ್ದು 445ನೇ ಪೋರ್ಟಿನಿಂದ. ಫೈಲು ಹಂಚಿಕೊಳ್ಳಲೆಂದು ಕಚೇರಿಗಳೇ ಒಳಗೊಳಗೆ ತೆರೆದಿಟ್ಟ ದಾರಿ ಅದು. ಮಾರ್ಚಿನಲ್ಲೇ ಬಂದಿದ್ದ ಅಪ್‌ಡೇಟ್ ಹಾಕಿಕೊಂಡ ಯಂತ್ರಗಳು ಉಳಿದವು. ಇನ್ನು ಬ್ಯಾಂಕಿನವರೆಂದು ಫೋನ್ ಮಾಡಿ ದೂರದಿಂದ ಯಂತ್ರ ನಡೆಸುವ ಎನಿಡೆಸ್ಕ್‌ನಂಥದ್ದನ್ನು ಹಾಕಿಸುವ ಕಳ್ಳರ ಮುಂದೆ ಫೈರ್‌ವಾಲ್ ಏನೂ ಮಾಡಲಾರದು. ಅಲ್ಲಿ ಒಳಗಿನಿಂದ ಕರೆದವರು ನೀವೇ. ಮಾತಿನ ನಡುವೆ ‘ಫೈರ್‌ವಾಲ್ ಬಂದ್ ಮಾಡಿ’ ಎಂದು ಯಾರಾದರೂ ಹೇಳಿದರೆ ಫೋನಿಟ್ಟುಬಿಡಿ. ದುಡ್ಡು ಹೋಗಿಯೇ ಇದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಇಂದು ವಿಂಡೋಸ್ ಕಂಪ್ಯೂಟರಿನ ಮುಂದೆ ಕೂತಾಗ ಫೈರ್‌ವಾಲ್ ಪುಟವನ್ನು ಒಮ್ಮೆ ತೆರೆದು ನೋಡಿ. ಡೊಮೈನ್, ಪ್ರೈವೇಟ್, ಪಬ್ಲಿಕ್ ಮೂರರ ಕೆಳಗೂ ಆನ್ ಎಂದಿರಬೇಕು. ನಿಮ್ಮ ಆಧಾರ್ ಪ್ರಿಂಟು ತೆಗೆಯುವ ಅಂಗಡಿಯ ಹುಡುಗನಿಗೂ ಅದನ್ನೊಮ್ಮೆ ನೋಡಲು ಹೇಳಿ.