ಮಗು ಹೇಳಿದ ಮನೆಮಾತು

ಮೂರು ವರ್ಷದ ಕೂಸಿನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಮಕ್ಕಳನ್ನು ಹೆತ್ತ ನಿಮಗೆ ಇದನ್ನು ಬೇರೆ ಹೇಳಬೇಕೆ? ರಾತ್ರಿ ಅಪ್ಪ ಕುಡಿದು ಬಂದದ್ದು, ಅವ್ವ ಅತ್ತದ್ದು, ಕಿರಾಣಿ ಅಂಗಡಿಯ ಉದ್ರಿ, ಎಲ್ಲವನ್ನೂ ಬೆಳಿಗ್ಗೆ ಅಂಗನವಾಡಿಗೆ ಹೋಗಿ ಅಕ್ಕೋರ ಮುಂದೆ ಸುರಿದುಬಿಡುತ್ತದೆ. ಹಾಗಾದರೆ ಯೋಚಿಸಿ ನೋಡಿ, ಇಡೀ ಓಣಿಯ ಗುಟ್ಟು ಒಬ್ಬ ಹೆಣ್ಣುಮಗಳ ಕೈಯಲ್ಲಿದೆ. ಆಕೆಯೂ ಹೆಚ್ಚಾಗಿ ಅದೇ ಊರಿನವಳು, ನಮ್ಮಂತೆಯೇ ನಳದ ಹತ್ತಿರ ಕೊಡ ಹಿಡಿದು ನಿಲ್ಲುವವಳು.

ನಮ್ಮ ಕಪನೂರ ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಸಿಗುವ ಊರು. ಮಗ್ಗುಲಲ್ಲೇ ಕೈಗಾರಿಕಾ ಪ್ರದೇಶ. ಕೂಲಿಗೆ ಹೋಗುವ ತಾಯಿಗೆ ಅಂಗನವಾಡಿ ಎಂದರೆ ಅರ್ಧ ದಿನದ ತವರುಮನೆ. ಅಲ್ಲಿ ಕೂಸಿನ ಮಾತು ಸೋರಿದರೆ ಮನೆಯ ಮಾನ ಬೀದಿಗೆ ಬಂತೆಂದೇ ಲೆಕ್ಕ.

ಒಂದು ದಿನ ನಳದ ಹತ್ತಿರ ಒಬ್ಬಾಕೆ ಕೇಳಿಯೇಬಿಟ್ಟಳು: "ಏನ್ರೀ ಅಕ್ಕೋರ, ಆ ಕೂಸು ಮನ್ಯಾಗಿಂದೆಲ್ಲ ಹೇಳ್ತದಂತಲ್ಲ, ಅವರಪ್ಪ ಮತ್ತ ಕುಡೀಲಾಕತ್ತಾನಂತೇನು?"

ಅಕ್ಕೋರು ಕೊಡ ತುಂಬಿಸುತ್ತಲೇ, "ಅದು ಇವತ್ತ ಆನಿ ಹಾಡು ಭಾಳ ಚಂದ ಹೇಳ್ತು ನೋಡ್ರಿ" ಅಂದರು. ಅಷ್ಟೇ! ಕೇಳಿದಾಕೆಯ ಮುಖ ನೀವು ನೋಡಬೇಕಿತ್ತು.

ಇನ್ನೊಂದು ಪ್ರಸಂಗ ತೂಕದ್ದು. ತಿಂಗಳಿಗೊಮ್ಮೆ ಮಕ್ಕಳನ್ನು ತೂಗಿ ದಾಖಲಿಸಬೇಕಲ್ಲ? ತನ್ನ ಮಗುವಿನ ತೂಕ ಕಡಿಮೆ ಬಂದದ್ದಕ್ಕೆ ಒಬ್ಬ ತಾಯಿ ನಾಚಿ, "ಅರ್ಧ ಕಿಲೋ ಹೆಚ್ಚಿಗಿ ಬರಕೊಳ್ರಿ ಅಕ್ಕೋರ, ನಮ್ಮತ್ತಿ ಬೈತಾರ" ಎಂದು ಅಂಗಲಾಚಿದಳು.

"ತಕ್ಕಡಿ ಸುಳ್ಳ ಹೇಳಂಗಿಲ್ಲ ತಂಗಿ, ನಾನೂ ಹೇಳಂಗಿಲ್ಲ. ಆದ್ರ ಈ ಲೆಕ್ಕ ಓಣ್ಯಾಗ ಯಾರ ಕಿವೀಗೂ ಬೀಳಂಗಿಲ್ಲ" ಅಂದರು ಅಕ್ಕೋರು.

ನನಗೆ ಇದು ಡಾಕ್ಟರರ ಧರ್ಮಕ್ಕಿಂತ ಕಡಿಮೆ ಎನಿಸಲಿಲ್ಲ. ದಾಖಲೆಯಲ್ಲಿ ಅರ್ಧ ಕಿಲೋ ಹೆಚ್ಚಾದರೆ ಅತ್ತೆಯ ಬೈಗುಳ ತಪ್ಪೀತು, ಆದರೆ ಆ ಕೂಸು ಯಾರ ಕಣ್ಣಿಗೂ ಬೀಳುವುದಿಲ್ಲ. ತೀರಾ ಬಡಕಲಾದ ಮಕ್ಕಳನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಿಕೊಂಡು, ತಾಯಿಯನ್ನೂ ಜೊತೆಗಿಟ್ಟುಕೊಂಡು ಆರೈಕೆ ಮಾಡುತ್ತಾರೆ. ಆ ಬಾಗಿಲು ತೆರೆಯುವುದು ಸರಿಯಾದ ತೂಕದಿಂದಲೇ.

ಅಂಗನವಾಡಿಯ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು, ದೇಶದ 33 ಕಡೆ. ನಮ್ಮ ರಾಜ್ಯದಲ್ಲಿ ಮೊದಲಿಗೆ ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಇಷ್ಟು ವರ್ಷವಾದರೂ ಅಕ್ಕೋರಿಗೆ ಕೊಡುವುದನ್ನು ಸಂಬಳ ಅನ್ನುವುದಿಲ್ಲ, ಗೌರವಧನ ಅನ್ನುತ್ತಾರೆ. ಇವರಿಗೂ ಗ್ರಾಚ್ಯುಟಿ ಸಲ್ಲಬೇಕೆಂದು ಸುಪ್ರೀಂ ಕೋರ್ಟು ಹೇಳುವಷ್ಟರಲ್ಲಿ 2022 ಬಂತು. ಕೊಡುವುದು ಗೌರವಧನ, ನಿರೀಕ್ಷಿಸುವುದು ಮಾತ್ರ ನರ್ಸಮ್ಮ, ಟೀಚರಮ್ಮ, ಗುಮಾಸ್ತೆ ಮೂವರ ಕೆಲಸ! ಇರಲಿ, ಆ ಮಾತು ಬೇರೆ.

ಈಗ ಇದಕ್ಕೆ ಮೊಬೈಲೂ ಸೇರಿದೆ. 2021ರಿಂದ ಪೋಷಣ್ ಟ್ರ್ಯಾಕರ್ ಎಂಬುದರಲ್ಲಿ ಲೆಕ್ಕ ತುಂಬಬೇಕು. ಸರ್ಕಾರದ ದಾಖಲೆಗೆ ತೆಗೆದ ಫೋಟೋ ಬೇರೆ, ವಾಟ್ಸಾಪಿನಲ್ಲಿ ಹರಿದಾಡುವ ಫೋಟೋ ಬೇರೆ. ಮೂಗು ಸೋರುತ್ತಿರುವ, ಚಡ್ಡಿ ಒದ್ದೆಯಾಗಿರುವ ಮಗುವಿನ ಚಿತ್ರ ನೋಡಿ ನಗುವವರಿಗೆ, ಅದು ನಾಳೆ ದೊಡ್ಡದಾಗುತ್ತದೆ ಎಂಬ ನೆನಪು ಬೇಡವೇ?

ಆದರೆ ಕೇಳಿ, ಎಲ್ಲ ಗುಟ್ಟೂ ಮುಚ್ಚಿಡುವ ಗುಟ್ಟಲ್ಲ. ಮಗುವಿನ ಮೈಮೇಲೆ ಬಾಸುಂಡೆ, ಸುಟ್ಟ ಗಾಯ ಕಂಡರೆ, ಯಾರೋ ಒಬ್ಬರ ಹೆಸರೆತ್ತಿದೊಡನೆ ಅದು ನಡುಗಿದರೆ, ಅಕ್ಕೋರು ಬಾಯಿ ತೆರೆಯಲೇಬೇಕು. ಅದು ನಳದ ಹತ್ತಿರವಲ್ಲ, ಮೇಲ್ವಿಚಾರಕಿಯ ಹತ್ತಿರ. ಇಲ್ಲವೇ ಮಕ್ಕಳ ಸಹಾಯವಾಣಿ 1098ಕ್ಕೆ. ಆ ಕರೆಗೆ ದುಡ್ಡಿಲ್ಲ. ಲೈಂಗಿಕ ದೌರ್ಜನ್ಯವಾದರಂತೂ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದೇ ಅಪರಾಧ. ಅಕ್ಕೋರಿಗಷ್ಟೇ ಅಲ್ಲ, ನಿಮಗೂ ನನಗೂ.

ಇಂಥ ಹೊತ್ತಿನಲ್ಲಿ ಓಣಿಯ ಹಿರಿಯರು "ಮನೆ ಮರ್ಯಾದಿ ವಿಷಯ, ಸುಮ್ಮಕಿರ್ರಿ" ಎಂದು ಅಕ್ಕೋರನ್ನು ಹೆದರಿಸಲು ಬರುತ್ತಾರೆ. ಆಕೆ ಒಂಟಿ. ಆಗ ನಾಲ್ಕು ಜನ ತಾಯಂದಿರು ಆಕೆಯ ಪಕ್ಕದಲ್ಲಿ ಹೋಗಿ ನಿಂತರೆ ಸಾಕು, ಮಾತನಾಡುವುದೂ ಬೇಡ. ಉಳಿದ ದಿನಗಳಲ್ಲಿ, ಪಕ್ಕದ ಮನೆಯ ಕೂಸು ಏನು ಹೇಳಿತು ಎಂದು ಆಕೆಯನ್ನು ಕೇಳದಿರೋಣ.